ಜರ್ಮನಿಯ ಹುಡುಗನ ಊಟದ ಪರೀಕ್ಷೆ

ಮನೆಯಲ್ಲಿ ಪರದೇಶದವರೊಬ್ಬರನ್ನು ಇಟ್ಟುಕೊಂಡರೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗು ಬೆಳಗಿನ ಹಾಲಿನ ಜೊತೆಗೇ ಬಾಗಿಲಿಗೆ ಬರುತ್ತದೆ.

ತೆಲುಗು ಸೀಮೆಯ ತಾರ್ನಾಕದಲ್ಲಿ, ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಕ್ರೈಸ್ತ ಮಿಷನ್ನಿನ ತರಬೇತಿ ಕೇಂದ್ರವಿತ್ತು. ಕರ್ನಾಟಕದ ಕಡೆ ಸೇವೆಗೆ ಹೋಗುವ ಪರದೇಶದವರನ್ನು ಮೊದಲು ಕನ್ನಡದ ಮನೆಗಳಲ್ಲಿ ಇರಿಸುತ್ತಿದ್ದರು. ನಮ್ಮ ಪಾಲಿಗೆ ಬಂದವನು ಜರ್ಮನಿಯ ಒಬ್ಬ ಹುಡುಗ, ನರ್ಸ್ ಕೆಲಸ ಕಲಿತವನು. ಬೀದರ ಕಡೆಯ ಹಳ್ಳಿ ಆಸ್ಪತ್ರೆ ಸೇರಬೇಕೆಂದು ಅವನ ಆಸೆ. ಕೊನೆಗೆ ಕೇಂದ್ರದ ಪ್ರಿನ್ಸಿಪಾಲರು ನಮ್ಮಲ್ಲಿಗೆ ಊಟಕ್ಕೆ ಬಂದು ಪರೀಕ್ಷಿಸುವುದು. ಇಲ್ಲಿಯ ರೀತಿ ರಿವಾಜು ಬಂದಿದ್ದರೆ ಬೀದರ, ಇಲ್ಲದಿದ್ದರೆ ಮರಳಿ ವಿಮಾನ.

ಪಕ್ಕದ ಮನೆಯಾಕೆ ನಮ್ಮ ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದರು: "ಹುಷಾರ್ರಿ, ನಿಮ್ಮನ್ನೆಲ್ಲಾ ಅವರ ಜಾತಿಗೆ ಸೇರಿಸಿಬಿಟ್ಟಾನು."

ಜೋಳದ ರೊಟ್ಟಿಯ ಜೊತೆ ಎರಡೂ ಕೈಯಿಂದ ಹೆಣಗುತ್ತಿದ್ದ ಅವನನ್ನು ನೋಡಿ ಅತ್ತೆ ಅಂದರು, "ಅದು ಆಮ್ಯಾಲಿರ್ಲಿ ತಂಗಿ. ಮೊದಲ ಅಂವಗ ರೊಟ್ಟಿ ಮುರಿಯಾಕ ಬರ್ಲಿ."

ಕಾಲು

ಹಿರಿಯರ ಕಾಲಿಗೆ ಬೀಳಬೇಕೆಂದು ಕೇಂದ್ರದಲ್ಲಿ ಹೇಳಿಕೊಟ್ಟಿದ್ದರು. ಯಾವ ಹಿರಿಯರು ಎಂದು ಹೇಳಿರಲಿಲ್ಲ. ಹುಡುಗ ಬಾಗಿಲಿಗೆ ಬಂದ ನರೆಗೂದಲಿನವರೆಲ್ಲರ ಕಾಲಿಗೆ ಬಿದ್ದ. ಗ್ಯಾಸ್ ತರುವವನಿಗಂತೂ ಹೆಗಲ ಮೇಲೆ ಸಿಲಿಂಡರ್, ಓಡುವಂತೆಯೂ ಇಲ್ಲ. "ವದ್ದು ಸಾರ್, ವದ್ದು!" ಎಂದು ತೆಲುಗಿನಲ್ಲೇ ಬೇಡಬೇಡವೆನ್ನುತ್ತ ನಿಂತಲ್ಲೇ ಕುಣಿದ.

ಮುಂದಿನ ಸಲ ತಲೆ ಬಾಚಿ, ಇಸ್ತ್ರಿಯ ಅಂಗಿ ತೊಟ್ಟು ಬಂದ. ಸಿಲಿಂಡರ್ ಇಳಿಸುವ ಮೊದಲೇ ಒಳಗೆ ಇಣುಕಿ, ಹುಡುಗ ಇಲ್ಲವೇ ಎಂದು ಹುಡುಕುತ್ತ ಕೇಳಿದ, "ಸಾರ್ ಲೇರಾ ಅಮ್ಮಾ?"

ಬಾಗಿಲು

ಕನ್ನಡ ಸಂಘದ ಕಾರ್ಯದರ್ಶಿಗಳಿಗೆ ನಮ್ಮ ಯಜಮಾನರಿಂದ ನಾಟಕದಲ್ಲಿ ಪಾರ್ಟು ಮಾಡಿಸುವ ಹಟ. ಒಂದು ಭಾನುವಾರ ಅವರ ಸ್ಕೂಟರ್ ಸಪ್ಪಳ ಕೇಳಿದ್ದೇ ತಡ, ಇವರು ಹಾಸಿಗೆಯಿಂದಲೇ "ನಾ ಮನ್ಯಾಗಿಲ್ಲಂತ ಹೇಳಪ್ಪಾ" ಅಂದರು.

ಹುಡುಗನಿಗೆ ಸುಳ್ಳು ಹೇಳುವುದು ಪಾಪ, ಮನೆಯವರ ಮಾತು ಮೀರುವುದೂ ತಪ್ಪು. ಬಾಗಿಲು ತೆರೆದು ಚೆನ್ನಾಗಿ ಯೋಚಿಸಿ ಹೇಳಿದ, "ಸಾಹೇಬರು ಮನ್ಯಾಗ ಅದಾರ್ರಿ. ಆದ್ರ ನಿಮಗ ಇಲ್ರಿ."

ಇವರು ಆ ವರ್ಷ ಮುದುಕನ ಪಾರ್ಟು ಮಾಡಿದರು.

ಬಡಿಸುವುದು

ಪ್ರಿನ್ಸಿಪಾಲರು ಬರುವ ದಿನ ನಾನು ನಸುಕಿಗೇ ಎದ್ದು ಹೋಳಿಗೆಗೆ ಹೂರಣ ರುಬ್ಬಿದೆ. ಹುಡುಗನ ಮೇಲೆ ನಮಗೆಲ್ಲ ಅಷ್ಟು ಮಮತೆ ಬೆಳೆದಿತ್ತು. ಬೆಳಗ್ಗೆಯೇ ಅತ್ತೆ ಪಾಠ ಹೇಳಿದರು: "ಉಣ್ಣವರು ಬ್ಯಾಡ ಅಂದ್ರ ಕೇಳಬ್ಯಾಡ. ನಾಚಿಕಿಗೆ ಹಂಗಂತಾರ. ಕೇಳಿದ್ರ ಮನಿ ಮರ್ಯಾದಿ ಹೋತು."

ಪ್ರಿನ್ಸಿಪಾಲರು ಕಲಬುರ್ಗಿ ಕಡೆಯವರು, ಗಂಭೀರ ಮನುಷ್ಯ. ಹುಡುಗನೇ ಹೋಳಿಗೆ ಬಡಿಸಲು ನಿಂತ. ಅವರು ಒಂದು ತಿಂದರು, ಎರಡು ತಿಂದರು. "ಸಾಕಪ್ಪಾ" ಅಂದರು, ಬಿತ್ತು ಇನ್ನೊಂದು. "ಹೊಟ್ಟಿ ತುಂಬೇತೋ" ಅಂದರು, ಮತ್ತೊಂದು. ಕೊನೆಗೆ ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದರು.

ಹುಡುಗ ಅತ್ತೆಯ ಮುಖ ನೋಡಿದ. ಅತ್ತೆ ಹುಬ್ಬು ಹಾರಿಸಿದರು. ತುಪ್ಪದ ಮಿಳ್ಳಿಯನ್ನು ಆ ಕೈಗಳ ಮೇಲೆಯೇ ಬಗ್ಗಿಸಿಬಿಟ್ಟ. ತುಪ್ಪ ಮೊಳಕೈವರೆಗೆ ಇಳಿಯಿತು. "ನನ್ನಾಣಿ ಐತ್ರಿ, ಇನ್ನೊಂದ!" ಎಂದು ಹೋಳಿಗೆ ಎತ್ತಿದ.

"ಪಾಸಪ್ಪಾ, ಪಾಸು!" ಪ್ರಿನ್ಸಿಪಾಲರು ಕೂಗಿದರು. "ನಾಳೆನ ಬೀದರಕ್ಕ ಹೋಗು. ಇವತ್ತ ನನ್ನ ಬಿಡು!"

ಹುಡುಗನ ಕಣ್ಣಲ್ಲಿ ನೀರೇ ಬಂತು. "ಇಂಥಾ ಸುದ್ದಿಗೆ ಬಾಯಿ ಸಿಹಿ ಮಾಡ್ಬೇಕ್ರಿ" ಎಂದು ಎರಡು ಬಡಿಸಿದ.