ಬೋಡಪ್ಪನ ವಕೀಲರು

ಹುಬ್ಬಳ್ಳಿಯಲ್ಲಿದ್ದು ಬಾಸ್ಕೆಟ್‌ಬಾಲ್ ಹುಚ್ಚು ಹಚ್ಚಿಕೊಂಡವನಿಗೆ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲು ಬಡಿಯುತ್ತದೆ. ನಾನು ಧಾರವಾಡದ ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಕಾಲೇಜಿನಲ್ಲಿದ್ದಾಗ ತಂಡದಲ್ಲಿದ್ದೆ, ಹೆಚ್ಚಾಗಿ ಬೆಂಚಿನ ಮೇಲೆ. ಅಂಗಳದಲ್ಲಿ ಆಡಿದವರು ಆಟ ಕಲಿತರು, ನಾನು ಕೂತಲ್ಲೇ ಅಭಿಪ್ರಾಯಗಳನ್ನು ಬೆಳೆಸಿಕೊಂಡೆ.

ಪ್ರಸಾದಕ್ಕೆ ಬಂದವರು

ಅಮೆರಿಕದ ಮ್ಯಾಚುಗಳು ನಮ್ಮಲ್ಲಿ ಬೆಳಿಗ್ಗೆ ಬರುತ್ತವೆ. ಆ ಹೊತ್ತಿಗೆ ನನ್ನ ಹೆಂಡತಿ ಮೆಂತ್ಯಪಲ್ಲೆ ಸೋಸುತ್ತ ಟಿವಿ ಮುಂದೆ ಕೂಡುತ್ತಿದ್ದಳು. ನಾನು ಹಳೇ ಕಾಲದ ಒಬ್ಬ ಬೋಳುತಲೆಯ ಆಟಗಾರನ ಕಟ್ಟಾ ಅಭಿಮಾನಿ. ಅವನ ತಂಡದಂಥ ತಂಡ ಹಿಂದೆ ಇರಲಿಲ್ಲ, ಮುಂದೆ ಬರುವುದೂ ಇಲ್ಲ ಎಂಬುದು ನನ್ನ ಮತ. ಹೆಂಡತಿ ಅವನಿಗೆ ಬೋಡಪ್ಪ ಎಂದು ಹೆಸರಿಟ್ಟಿದ್ದಳು. ಆಕೆಯ ಪಕ್ಷ ಈಗಿನ ಕಾಲದ ಒಬ್ಬ ತೆಳ್ಳನೆಯ ಆಟಗಾರನದು. ದೂರದಿಂದಲೇ ಚೆಂಡು ಎಸೆದು ಬುಟ್ಟಿಗೆ ಹಾಕುವವನು.

“ಅಂವ ಯಾಕ ಛಲೋ, ಹೇಳು ನೋಡೋಣು?” ಅನ್ನುತ್ತಿದ್ದೆ.

“ಮಂದಿನ್ನ ನೂಕೂದಿಲ್ಲ, ಗುದ್ದೂದಿಲ್ಲ. ದೂರ ನಿಂತು ತನ್ನ ಪಾಡಿಗೆ ತಾ ಒಗಿತಾನ. ಛಲೋ ಮನಿತನದಾಂವ ಇರಬೇಕು.”

“ನಮ್ಮ ಬೋಡಪ್ಪ ಒಬ್ಬನ ಇಡೀ ಮ್ಯಾಚ್ ಗೆಲ್ಲಸ್ತಿದ್ದ, ಗೊತ್ತೇನ?”

“ಒಬ್ಬನ ಎಲ್ಲಾ ಮಾಡ್ತಾನಂದ್ರ ಉಳದಾವ್ರೇನ ಪ್ರಸಾದಕ್ಕ ಬಂದಾರೇನ್ರಿ?”

ಇದಕ್ಕೆ ನಾನು ದನಿ ಏರಿಸುತ್ತಿದ್ದೆ. ಆಕೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಏಳುತ್ತ, “ಸೋತ್ರಿ. ಬರ್ರಿ, ನಾಷ್ಟಾ ಮಾಡ್ರಿ” ಅನ್ನುತ್ತಿದ್ದಳು. ಹೀಗೆ ದಿನಾ ಸೋತು, ನಾಷ್ಟಾ ಮಾಡಿ, ಡ್ಯೂಟಿಗೆ ಹೋಗುತ್ತಿದ್ದೆ.

ಹೋದ ವರ್ಷ ಆಕೆ ತೀರಿಕೊಂಡಳು. ಅಂದಿನಿಂದ ನಾನು ಒಂದು ವಾದವನ್ನೂ ಸೋತಿಲ್ಲ.

ಹೌದ್ರಿ

ಮಾತಾಡಿಸಲು ಬಂದವರೆಲ್ಲ ಬಹಳ ಒಳ್ಳೆಯವರು. ಹೆಂಡತಿ ಹೋದವನ ಮಾತಿಗೆ ಎದುರಾಡಬಾರದು ಎಂದು ನಮ್ಮ ಓಣಿಯಲ್ಲಿ ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ಪಕ್ಕದ ಮನೆಯ ಹತ್ತಿ ವ್ಯಾಪಾರಿ ದಿನಾ ಸಂಜೆ ಬಂದು ಎದುರಿಗೆ ಕೂಡುತ್ತಿದ್ದರು. ಮಾರುಕಟ್ಟೆಯಲ್ಲಿ ದಲಾಲರ ಬೆವರಿಳಿಸುವ ಮನುಷ್ಯ. ಇವರಾದರೂ ನನ್ನ ಕೂಡ ಜಗಳಕ್ಕೆ ಸಿಕ್ಕಾರು ಎಂದು ಆಸೆಯಾಯಿತು.

“ಬೋಡಪ್ಪನಂಥ ಆಟಗಾರ ಇನ್ನೊಬ್ಬ ಇಲ್ರಿ” ಎಂದೆ.

“ಹೌದ್ರಿ ಅಣ್ಣಾರ. ಅಂಥಾವ್ರು ಎಲ್ಲಿ ಸಿಗಬೇಕ್ರಿ?”

“ಆದ್ರ ಈಗಿನ ಆ ತೆಳ್ಳನ್ನಾಂವ ಇಂವಗಿಂತಾ ಛಲೋ ಅದಾನ.”

“ಅದೂ ಖರೇ ಐತ್ರಿ.”

“ಇಬ್ರೂ ದಂಡ ಅದಾರ್ರಿ. ಆ ಆಟಾನ ದಂಡ.”

ಅವರು ಕಣ್ಣೊರೆಸಿಕೊಂಡು, “ಎಲ್ಲಾ ದಂಡ ಐತ್ರಿ, ಚಹಾ ಕುಡೀರಿ” ಎಂದು ನಮ್ಮ ಅಡುಗೆಮನೆಗೇ ಹೋಗಿ ಚಹಾ ಮಾಡಿ ತಂದರು. ಸಕ್ಕರೆ ಹೆಚ್ಚಾಗಿದೆ ಅಂದೆ, ಹೌದ್ರಿ ಅಂದರು. ಅಲ್ಲ, ಕಡಿಮೆಯಾಗಿದೆ ಅಂದೆ. ಅದಕ್ಕೂ ಹೌದ್ರಿ ಅಂದು, ಎದ್ದು ಹೋಗಿ ಇನ್ನೊಂದು ಚಮಚ ಹಾಕಿಕೊಂಡು ಬಂದರು.

ಟಿವಿಯ ದಿಕ್ಕು

ಆಕೆಯ ಫೋಟೋ ಹಾಕುವ ದಿನ ಪೂಜೆ ಮಾಡಿಸಲು ಅಯ್ಯನವರು ಬಂದಿದ್ದರು. ನಾನು ಟಿವಿಯ ಎದುರಿನ ಗೋಡೆಗೆ ಮೊಳೆ ಹೊಡೆದಿದ್ದೆ.

“ಅಲ್ಲಿ ಬ್ಯಾಡ್ರಿ. ಫೋಟೋದ ಮಾರಿ ಪೂರ್ವಕ್ಕ ಇರಬೇಕು” ಎಂದರು.

“ಪೂರ್ವಕ್ಕ ಮಾರಿ ಮಾಡಿದ್ರ ಆಕಿಗೆ ಮ್ಯಾಚ್ ಕಾಣೂದಿಲ್ರಿ, ಅಯ್ನಾರ.”

ಅಯ್ಯನವರು ಶಲ್ಯವನ್ನು ಸೊಂಟಕ್ಕೆ ಕಟ್ಟಿಕೊಂಡು, “ಹಂಗಾರ ಟಿವಿ ಸರಸೋಣ ಬರ್ರಿ” ಎಂದು ತಾವೇ ಒಂದು ಬದಿ ಹಿಡಿದರು.

ಟಿವಿ ಪೂರ್ವದ ಗೋಡೆಗೆ ಹೋಯಿತು, ಆಕೆ ಎದುರಿಗೆ ಬಂದಳು. ಸೋಫಾ ಸರಿಸಲು ಮಾತ್ರ ಜಾಗವಿರಲಿಲ್ಲ. ಹೀಗಾಗಿ ಆಕೆ ನೇರ ನೋಡುತ್ತಾಳೆ, ನಾನು ಕತ್ತು ಎಡಕ್ಕೆ ಹೊರಳಿಸಿ ನೋಡುತ್ತೇನೆ. ಡ್ಯೂಟಿಗೆ ಹೋಗುವ ಬಸ್ಸಿನಲ್ಲೂ ಕತ್ತು ಹಾಗೇ ನಿಂತಿರುತ್ತದೆ. ಎಡಕ್ಕೆ ಕೂತವರು ಧಾರವಾಡ ಬರುವ ತನಕ ತಾಳಿಕೊಂಡು, ಕಡೆಗೆ, “ಏನ್ರಿ, ನಮ್ಮ ಗುರುತು ಹತ್ತಿತೇನ್ರಿ?” ಎಂದು ಕೇಳುತ್ತಾರೆ.

ರಾಜ್ಯ ತಂಡಕ್ಕೆ ಒಬ್ಬ

ನಮ್ಮ ಓಣಿಯ ಹಿಂದೆ ಒಂದು ಹಳೇ ಬಾಸ್ಕೆಟ್‌ಬಾಲ್ ಅಂಗಳವಿದೆ. ಕಬ್ಬಿಣದ ಬಳೆ ಉಳಿದಿದೆ, ಬಲೆ ಹೋಗಿದೆ. ಅಲ್ಲಿ ಆಟಕ್ಕಿಂತ ಮದುವೆಗಳೇ ಹೆಚ್ಚು. ಒಂದು ಭಾನುವಾರ ನೋಡುತ್ತೇನೆ, ತಾಳೆಮರದಂಥ ಒಬ್ಬ ಯುವಕ ಲೀಲಾಜಾಲವಾಗಿ ಹಾರಿ, ಬಳೆ ಹಿಡಿದು ಜೋತಾಡಿ ಇಳಿದ. ಹುಬ್ಬಳ್ಳಿಯ ಬಾಸ್ಕೆಟ್‌ಬಾಲಿಗೆ ಒಳ್ಳೇ ಕಾಲ ಬಂತು ಅಂದುಕೊಂಡೆ.

“ತಮ್ಮಾ, ನೀ ರಾಜ್ಯ ತಂಡಕ್ಕ ಆಡಬೇಕು!” ಎಂದು ಓಡಿ ಹೋದೆ. ಮೊಣಕಾಲು ಹೇಗೆ ಬಾಗಿಸಬೇಕು, ಬೋಡಪ್ಪ ಗಾಳಿಯಲ್ಲಿ ಹೇಗೆ ಕೈ ಬದಲಿಸುತ್ತಿದ್ದ, ಎಲ್ಲ ಹೇಳಿದೆ.

“ಆತ್ರಿ ಕಾಕಾರ, ಆಡೋಣಂತ. ಮೊದಲ ಈ ಲೈಟಿನ ಸರಾ ಹಿಡೀರಿ. ನಿಚ್ಚಣಿಕಿ ತರೂದು ಮರತೇನಿ.”

ಅವನು ಪೆಂಡಾಲಿನವನು, ದೀಪದ ಸರ ಕಟ್ಟಲು ಬಳೆ ಗಟ್ಟಿ ಇದೆಯೋ ಇಲ್ಲವೋ ಎಂದು ಜೋತು ಪರೀಕ್ಷೆ ಮಾಡಿದ್ದ. ದೀಪವೆಲ್ಲ ಹತ್ತುವ ತನಕ ನಾನು ಸರ ಹಿಡಿದು ನಿಂತೆ. ನನಗೇ ನಗು ತಡೆಯಲಾಗಲಿಲ್ಲ. ನಗುತ್ತಲೇ ಮನೆಗೆ ಬಂದು, “ಏ, ಇವತ್ತ ಏನಾತು ಗೊತ್ತೇನ?” ಎಂದು ಬಾಗಿಲಲ್ಲೇ ಕೂಗಿದೆ. ಬೀಗ ಇನ್ನೂ ತೆಗೆದಿರಲಿಲ್ಲ. ಆ ಹೊತ್ತು ನನಗೆ ಬಹಳ ಒಂಟಿ ಅನ್ನಿಸಿತು.

ಹೊತ್ತಿದ ರೊಟ್ಟಿ

ಈಗ ಸಂಜೆಗೆ ರೊಟ್ಟಿ ತರುವುದು ಓಣಿಯ ತುದಿಯ ರೊಟ್ಟಿ ಕೇಂದ್ರದಿಂದ. ಅದನ್ನು ನಡೆಸುವ ಅಕ್ಕ ಇಲ್ಲೇ ಹತ್ತಿರದ ಸುಳ್ಳ ಎಂಬ ಹಳ್ಳಿಯ ಕಡೆಯವರು, ಕೈಯಷ್ಟೇ ಬಾಯಿಯೂ ಜೋರು. ಮೊನ್ನೆ ಸರದಿಯಲ್ಲಿ ನಿಂತು ಫೋನಿನಲ್ಲಿ ಬೋಡಪ್ಪನ ಹಳೇ ಮ್ಯಾಚ್ ನೋಡುತ್ತಿದ್ದೆ. ಅಕ್ಕ ರೊಟ್ಟಿ ಬಡಿಯುತ್ತಲೇ ಇಣುಕಿದರು.

“ಇಂಥಾ ಆಟಗಾರ ಇನ್ನೊಬ್ಬ ಹುಟ್ಟೂದಿಲ್ಲ ನೋಡ್ರಿ, ಅಕ್ಕಾರ” ಎಂದು, ರೂಢಿಯಂತೆ ‘ಹೌದ್ರಿ’ಗೆ ಕಾದೆ.

“ಯಾರು, ಈ ಬೋಡ್ಯಾನ? ಇಂವ ಏನ ಆಡತಾನ್ರಿ? ಇವರೊಳಗ ಛಲೋ ಅದಾನಂದ್ರ ಆ ಸೀಟಿ ಊದಾಂವ.”

ನನಗೆ ಕಿವಿಯನ್ನು ನಂಬಲಾಗಲಿಲ್ಲ. “ಅಂವ ಆಟಗಾರ ಅಲ್ರಿ, ರೆಫ್ರೀ!”

“ಏನರ ಇರ್ಲಿ. ಅಂವ ಊದಿದ ಕೂಡ್ಲೆ ಎಲ್ಲಾರೂ ನಿಂದರತಾರೋ ಇಲ್ಲೋ? ಚೆಂಡ ಮುಟ್ಟದ ಆಟಾ ನಡಸ್ತಾನ.”

“ಬುಟ್ಟಿಗೆ ಒಂದರ ಚೆಂಡ ಹಾಕ್ಯಾನೇನ್ರಿ?”

“ನಮ್ಮತ್ತೀನೂ ಒಂದ ರೊಟ್ಟಿ ಬಡೀಲಿಲ್ಲ. ಮನಿ ನಡಸಿದಾಕಿ ಆಕೀನ.”

ನನ್ನ ದನಿ ಏರಿತು. ಸರದಿಯಲ್ಲಿದ್ದ ಗ್ಯಾರೇಜಿನ ಚಾಚಾ, “ಅಕ್ಕಾರ ಖರೇ ಹೇಳಾಕತ್ತಾರ್ರಿ” ಎಂದು ಆ ಕಡೆ ಸೇರಿದ. ಬೋಡಪ್ಪ ಗೆಲ್ಲಿಸಿದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಅಕ್ಕ ಜಗ್ಗಲಿಲ್ಲ.

“ಸೀಟಿ ಊದಾಂವ ಒಬ್ಬ ಇದ್ರ ಸಾಕ್ರಿ, ಎಲ್ಲಾ ಅಂವನ ಮಾಡ್ತಾನ” ಎಂದರು.

“ಒಬ್ಬನ ಎಲ್ಲಾ ಮಾಡ್ತಾನಂದ್ರ ಉಳದಾವ್ರೇನ ಪ್ರಸಾದಕ್ಕ ಬಂದಾರೇನ್ರಿ?” ಎಂದು ಕೂಗಿದೆ.

ಕೂಗಿದವನು ಹಾಗೇ ನಿಂತುಬಿಟ್ಟೆ. ಅದು ನನ್ನ ಮಾತಾಗಿರಲಿಲ್ಲ. ಬೋಡಪ್ಪನ ವಿರುದ್ಧ ಆಕೆ ದಿನಾ ಬೆಳಿಗ್ಗೆ ಹೇಳುತ್ತಿದ್ದ ಮಾತು, ನನ್ನ ಬಾಯಿಂದಲೇ ಬಂದಿತ್ತು. ಕಣ್ಣು ತುಂಬಿಕೊಂಡವು. ಹೊಗೆಯೂ ಇತ್ತು ಅನ್ನಿ, ನಮ್ಮ ಗದ್ದಲದಲ್ಲಿ ಹಂಚಿನ ಮೇಲಿನ ರೊಟ್ಟಿಗಳನ್ನು ಯಾರೂ ನೋಡಿರಲಿಲ್ಲ.

“ಸುಮ್ಮನಾದ್ರು ನೋಡ್ರಿ. ಸೋತ್ರು!” ಎಂದರು ಅಕ್ಕ. “ನಿಮ್ಮ ಬೋಡಪ್ಪನ ಸಲುವಾಗಿ ನನ್ನ ರೊಟ್ಟಿ ಹೊತ್ತಿದುವು. ಇವನ್ನ ನೀವ ತಿನ್ರಿ.”

ಮನೆಗೆ ಬಂದು ಫೋಟೋಕ್ಕೆ ಹೇಳಿದೆ, “ಕೇಳಿದೇನ? ಇವತ್ತ ಸೋತು ಬಂದೇನಿ. ಅದೂ ನಿನ್ನ ಮಾತು ಹೇಳಿ.” ಆಕೆ ನಕ್ಕಳೋ ಇಲ್ಲವೋ ನೋಡೋಣವೆಂದರೆ ನನ್ನ ಕತ್ತು ಟಿವಿಯ ಕಡೆಗೇ ನಿಂತಿತ್ತು. ಕರಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಹೊಟ್ಟೆ ತುಂಬ ಉಂಡೆ. ಹಾಗೆ ಉಂಡು ಬಹಳ ದಿನವಾಗಿತ್ತು.

ಮರುದಿನ ಸಂಜೆ ಎಂದಿಗಿಂತ ಲಗೂ ಹೋದೆ. ಅಕ್ಕ ನನ್ನನ್ನು ದೂರದಿಂದಲೇ ಕಂಡರು.

“ಬಂದ್ರು, ಬೋಡಪ್ಪನ ವಕೀಲ್ರು! ಮೊದಲ ಸೀಟಿ ಊದಾಂವನ್ನ ಒಪ್ಪಿಕೊಳ್ರಿ, ಆಮ್ಯಾಲ ರೊಟ್ಟಿ.”

“ಸತ್ರೂ ಒಪ್ಪೂದಿಲ್ರಿ” ಎಂದೆ.

ಅಕ್ಕ ಒಳಗೆ ರೊಟ್ಟಿ ಬೇಯಿಸುತ್ತಿದ್ದ ಹುಡುಗಿಯರ ಕಡೆ ತಿರುಗಿ ಕೂಗಿದರು: “ಏ, ಇವ್ರ ರೊಟ್ಟಿ ಕರ್ರಗ ಹೊತ್ತಿಸಿ ಕೊಡ್ರೆ!”