ಡಾಕ್ಟರ ದನಿಗೆ ಕಾಲಿಲ್ಲ

"ಇಪ್ಪತ್ತು ವರ್ಷದಿಂದ ನನ್ನ ಕುರ್ಚಿಯಲ್ಲಿ ಒಂದು ಮಗೂನೂ ಅತ್ತಿಲ್ಲ, ಗೊತ್ತಾ?" ಎಂದು ತಾಯಿಯೆದುರು ಕೊಚ್ಚಿಕೊಂಡು, ಹಲ್ಲಿನ ಡಾಕ್ಟರು ಏಳು ವರ್ಷದ ಹುಡುಗಿಯತ್ತ ಬಾಗಿದರು. "ಬಾಯಿ ತೆಗಿ ಪುಟ್ಟಾ, ಏನೂ ಆಗಲ್ಲ."

ಹುಡುಗಿ ಕಿಟಾರನೆ ಕಿರುಚಿ, ಕತ್ತಿಗೆ ಕಟ್ಟಿದ್ದ ಬಟ್ಟೆಯ ಸಮೇತ ಬೀದಿಗೆ ಓಡಿದಳು! ಹಿಂದೆಯೇ ತಾಯಿ. ಡಾಕ್ಟರು ಪುಟ್ಟ ಕನ್ನಡಿ ಹಿಡಿದು ಪೆಚ್ಚಾಗಿ ನಿಂತರು.

ಆಗ ಹೊರಗಿನ ಖಾಲಿ ಕೋಣೆಯಿಂದ ಯಾರೋ ಅಂದರು: "ಬಾಯಿ ತೆಗಿ ಪುಟ್ಟಾ, ಏನೂ ಆಗಲ್ಲ."

ಡಾಕ್ಟರ ಬಾಯಿ ಮುಚ್ಚಿತ್ತು. ದನಿ ಮಾತ್ರ ಅವರದೇ! ಇಣುಕಿದರೆ ನರಪಿಳ್ಳೆಯಿಲ್ಲ. ಬೆಂಚಿನ ಮೇಲೆ ಹುಡುಗಿ ಬಿಟ್ಟುಹೋದ ಟ್ಯಾಬ್. ಅದರೊಳಗೆ ಉದ್ದನೆಯ ಕತ್ತಲ ಓಣಿ. ತುದಿಯಿಂದ ಕಾಲಿಲ್ಲದ ಬಿಳಿ ಕೋಟೊಂದು ಮೆಲ್ಲಗೆ ತೇಲಿ ಬರುತ್ತಿತ್ತು. ಕೋಟಿನ ಮೇಲೆ ತಲೆಯಿಲ್ಲ, ಅವರದೇ ಮೀಸೆ ಇತ್ತು!

ಮನೆಗೆ ಹೋದವರೇ ಮಗಳನ್ನು ಹಿಡಿದರು. ಮಕ್ಕಳೇ ಕಂಪ್ಯೂಟರ್ ಆಟ ಕಟ್ಟಿ ಹಂಚಿಕೊಳ್ಳುವ ಜಾಲತಾಣದಲ್ಲಿ ಅವಳು ಹಳೇ ಹುಲಿ.

"ನಂದು ಬರೀ ಹಲ್ಲುಜ್ಜೋ ಆಟ ಅಪ್ಪಾ. ನಿನ್ನ ಚಿತ್ರ ಬಿಡಿಸಿ, ದನಿ ಹಾಕಿ ಶೇರ್ ಮಾಡ್ದೆ. ಅಲ್ಲಿ ಒಬ್ರ ಆಟ ಇನ್ನೊಬ್ರು ತಗೊಂಡು ಬದಲಾಯಿಸ್ಬಹುದು, ಅದೇ ರೀಮಿಕ್ಸು. ಯಾರೋ ದೀಪ ಆರಿಸಿದ್ರು. ಇನ್ಯಾರೋ ನಿನ್ನ ಕಾಲು ತೆಗೆದ್ರು. ಈಗ ನೀನು ನೂರ ನಲವತ್ಮೂರು ಜನ ಆಗಿದೀಯ."

"ಅಳಿಸು ಮೊದ್ಲು!"

"ನಂದು ಅಳಿಸ್ತೀನಿ. ಅವ್ರದ್ದು ಹೇಗೆ ಅಳಿಸ್ಲಿ? ಪಾಪ, ಎಲ್ರೂ ಕೆಳಗೆ 'ದನಿ: ಗೆಳತಿಯ ಅಪ್ಪ' ಅಂತ ಮರ್ಯಾದೆಯಾಗಿ ಹಾಕಿದಾರೆ."

"ಒಬ್ರನ್ನ ಸುಧಾರಿಸೋದ್ರಲ್ಲೇ ನಂಗೆ ಸಾಕಾಗಿದೆ," ಎಂದಳು ಹೆಂಡತಿ. "ನೂರ ನಲವತ್ಮೂರಂತೆ!"

ಮಕ್ಕಳು ಬಾರದಿದ್ದರೆ ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲು! ಮಕ್ಕಳ ಭಯವನ್ನು ಬೇರುಸಮೇತ ಕಿತ್ತೇ ತೀರುವೆನೆಂದು ಡಾಕ್ಟರು ಘೋಷಿಸಿದರು. ತಾವೇ ಒಂದು ರೀಮಿಕ್ಸಿಗೆ ಕೂತು, ದನಿಗೆ ಜೇನು ಸವರಿ ರೆಕಾರ್ಡ್ ಮಾಡಿದರು: "ಹೆದರ್ಬೇಡ ಪುಟ್ಟಾ. ನಾನು ನಿನ್ನ ಹಿಂದೇನೇ ಇದೀನಿ." ಜೀವಮಾನವಿಡೀ ಕುರ್ಚಿಯ ಹಿಂದೆಯೇ ನಿಂತು ದುಡಿದವರಿಗೆ ಇದಕ್ಕಿಂತ ಸಮಾಧಾನದ ಮಾತು ತೋಚೀತೆ?

"ಅಪ್ಪಾ, ಇನ್ನೊಂದ್ಸಲ ಯೋಚ್ನೆ ಮಾಡು."

"ನಂಗೇ ಹೇಳ್ಕೊಡ್ತೀಯಾ?" ಎಂದು ಶೇರ್ ಒತ್ತಿಯೇಬಿಟ್ಟರು.

ವಾರದಲ್ಲಿ ಆರುನೂರು ರೀಮಿಕ್ಸು! ಕ್ಲಿನಿಕ್ಕಿಗೆ ಒಂದು ಮಗುವೂ ಇಲ್ಲ.

ಎಂಟನೆಯ ದಿನ ಅದೇ ಹುಡುಗಿ, ಊದಿದ ಕೆನ್ನೆ ಹಿಡಿದು, ತಾನಾಗಿ ಬಂದು ಕುರ್ಚಿ ಏರಿದಳು. ಟ್ಯಾಬನ್ನು ತಾಯಿ ಡಾಕ್ಟರ ಹಿಂದಿನ ಮೇಜಿನ ಮೇಲಿಟ್ಟು ಹೊರಗೆ ಕೂತಳು. ಡಾಕ್ಟರು ಈ ಸಲ ತುಟಿ ಬಿಚ್ಚಲಿಲ್ಲ. ಕೈಸನ್ನೆಯಲ್ಲೇ ಬಾಯಿ ತೆಗೆಸಿ, ಕನ್ನಡಿ ಚಾಚಿದರು.

"ಹೆದರ್ಬೇಡ ಪುಟ್ಟಾ," ಎಂದಿತು ಅವರ ಬೆನ್ನ ಹಿಂದಿನಿಂದ ಜೇನಿನಂಥ ದನಿ. "ನಾನು ನಿನ್ನ ಹಿಂದೇನೇ ಇದೀನಿ."

ಕನ್ನಡಿ ಠಣ್ಣನೆ ನೆಲಕ್ಕೆ ಬಿತ್ತು. ಡಾಕ್ಟರು ಗೋಡೆಗಂಟಿ, ಬಾಯಿ ಅಗಲಿಸಿ ಕಿರುಚಿದರು: "ಯಾ... ಯಾರದು?"

ವಾರವಿಡೀ ಅದೇ ಆಟ ಆಡಿದ್ದ ಹುಡುಗಿ ಕೂತಲ್ಲಿಂದ ಕದಲಲಿಲ್ಲ.

"ನೀವೇ ಡಾಕ್ಟ್ರೇ. ಬಾಯಿ ಮುಚ್ಕೊಳಿ, ಏನೂ ಆಗಲ್ಲ."