ಎಂಟನೆಯವರು ರಸಮಟ್ಟ ತಂದರು

ಕಂಪ್ಯೂಟರಲ್ಲಿ ಮನೆ ನಕ್ಷೆ ಬರೆಯೋದನ್ನ ಕಲಿಸೋ ಕೆಲಸ ನಂದು. ಜನ ಇದನ್ನ ಕ್ಯಾಡ್ ಕ್ಲಾಸ್ ಅಂತಾರೆ. ಗೆರೆ ಎಳಿ, ಅಳತೆ ಹಾಕು, ಪ್ರಿಂಟ್ ತೆಗಿ. ಇದರಲ್ಲಿ ನಗೋಕೆ ಏನಿದೆ ಅಂತ ನೀವು ಕೇಳಬಹುದು. ನನಗೂ ಹಾಗೇ ಅನ್ನಿಸಿತ್ತು. ಆದ್ರೆ ಲ್ಯಾಪ್‌ಟಾಪ್ ಹೆಗಲಿಗೆ ಹಾಕ್ಕೊಂಡು ಸಾಗರ, ಹೊಸನಗರ, ತೀರ್ಥಹಳ್ಳಿ ಅಂತ ಬಸ್ಸಲ್ಲಿ ತಿರುಗೋಕೆ ಶುರು ಮಾಡಿದ ಮೇಲೆ ನಗದೆ ಮನೆಗೆ ಬಂದ ದಿನವೇ ಇಲ್ಲ. ನಂಗೆ ಸಿಟ್ಟು ಮೂಗಿನ ತುದೀಲೇ ಇರುತ್ತೆ, ಅದನ್ನೂ ಮೊದ್ಲೇ ಹೇಳ್ಬಿಡ್ತೀನಿ. ಸಿಟ್ಟು ಮಾಡ್ಕೊಂಡು ಹೊರಟ ದಿನಾನೂ ನಕ್ಕೊಂಡೇ ವಾಪಸ್ ಬಂದಿದೀನಿ.

೧. ಒಬ್ರು ಕಮ್ಮಿ

ನಮ್ಮ ಸಂಸ್ಥೆ ಇರೋದು ಸಾಗರದಲ್ಲಿ. ಅದರ ಯಜಮಾನರನ್ನ ನಾವೆಲ್ಲ ದೊಡ್ಡ ಸರ್ ಅಂತೀವಿ. ಹೊಸನಗರದಲ್ಲೂ ಒಂದು ಕ್ಲಾಸ್ ಬೇಕು ಅಂತ ಎರಡು ವರ್ಷ ಅವರ ತಲೆ ತಿಂದಿದ್ದೆ. ಕೊನೆಗೆ ಒಪ್ಪಿದ್ರು. ಹಳೇ ರೈಸ್ ಮಿಲ್ಲಿನ ಪಕ್ಕ ಒಂದು ರೂಮು, ಮುಂದೆ ಭತ್ತ ಒಣಗಿಸ್ತಿದ್ದ ದೊಡ್ಡ ಸಿಮೆಂಟ್ ಕಣ. ಆದ್ರೆ ಒಂದು ಷರತ್ತು ಹಾಕಿದ್ರು.

"ಎಂಟು ಜನ ಸೇರ್ಬೇಕು. ಕೋರ್ಸ್ ಮುಗಿಯೋ ದಿನ ನಾನೇ ಬರ್ತೀನಿ. ನಾನು ಹೇಳಿದ ಅಳತೆಗೆ ಎಂಟೂ ಜನ ಸೇರಿ ಮನೆ ಪ್ಲಾನ್ ಬರೀಬೇಕು. ಆಗ್ಲಿಲ್ಲ ಅಂದ್ರೆ ರೂಮಿಗೆ ಬೀಗ."

ಏಳು ಜನ ಸಿಕ್ಕಿದ್ರು. ಅವರಲ್ಲಿ ಒಬ್ರು ಟೈಲರ್ ಅಕ್ಕ. ಊರಿನ ಎಂಜಿನಿಯರೊಬ್ರು ಅವರಿಗೆ, ಕೋರ್ಸ್ ಮುಗಿಸಿದ್ರೆ ನಮ್ಮ ಆಫೀಸಲ್ಲೇ ಕೂರು ಅಂತ ಹೇಳಿದ್ರಂತೆ. "ಮೇಡಂ, ಇಲ್ಲಿ ಕ್ಲಾಸ್ ನಿಂತ್ರೆ ನಂಗೆ ಎಲ್ಲೂ ಇಲ್ಲ. ಸಾಗರಕ್ಕೆ ಹೋಗಿ ಬರೋಷ್ಟ್ರಲ್ಲಿ ಮಗಳು ಸ್ಕೂಲ್ ಬಿಟ್ಟು ಬಂದು ಬಾಗಿಲಲ್ಲಿ ಕೂತಿರ್ತಾಳೆ" ಅಂದ್ರು. ಆ ಮಾತು ಕೇಳಿದ ಮೇಲೆ ನಂಗೆ ಊಟ ಸೇರ್ಲಿಲ್ಲ.

ಎಂಟನೆಯವರಿಗಾಗಿ ಊರೆಲ್ಲ ಸುತ್ತಿದೆ. ಜೆರಾಕ್ಸ್ ಅಂಗಡಿಯವರನ್ನ ಕೇಳಿದೆ. "ಏನ್ ಮಾಡ್ಬೇಕು ಮೇಡಂ ಅದ್ರಲ್ಲಿ?"

"ದಿನಾ ಎರಡು ಗಂಟೆ ಕಂಪ್ಯೂಟರ್ ಮುಂದೆ ಕೂತ್ಕೊಂಡು ಕಲೀಬೇಕು."

"ಕೂತ್ಕೊಳ್ಳೋದಾದ್ರೆ ನಮ್ಮಪ್ಪನ್ನ ಕಳಿಸ್ತೀನಿ. ಮನೇಲೂ ಅದನ್ನೇ ಮಾಡ್ತಿದಾರೆ."

೨. ಅಡುಗೆಮನೆಯಲ್ಲಿ ಯಾರವಳು?

ಆ ವಾರ ಅರಳಸುರಳಿಯಲ್ಲಿ ಹೊಸ ಮನೆ ಕಟ್ಟಿಸ್ತಿದ್ದ ಒಬ್ಬರಿಗೆ ಪ್ಲಾನ್ ತೋರಿಸೋಕೆ ಹೋಗಿದ್ದೆ. ಬರೀ ಗೆರೆ ತೋರಿಸಿದ್ರೆ ಯಾರಿಗೂ ಸಮಾಧಾನ ಆಗಲ್ಲ ಅಂತ ಬಣ್ಣ ಹಾಕಿ, ಕಿಟಕಿ ಬಾಗಿಲು ಇಟ್ಟು, ಮನೆ ಒಳಗೆ ನಡ್ಕೊಂಡು ಹೋದ ಹಾಗೆ ಕಾಣೋ ಚಿತ್ರ ಮಾಡಿದ್ದೆ. ಮನೆ ಯಜಮಾನರು ಖುಷಿಯಾಗಿ ನೋಡ್ತಿದ್ರು. ಅಡುಗೆಮನೆ ಬಂತು. ಯಜಮಾನಮ್ಮನ ಮುಖ ಕೆಂಪಾಯ್ತು.

"ಯಾರವಳು?"

ಅಡುಗೆಮನೆ ಮಧ್ಯೆ ಹಳದಿ ಪ್ಯಾಂಟ್ ಹಾಕಿದ ಎತ್ತರದ ಹುಡುಗಿಯೊಬ್ಬಳು ನಿಂತಿದ್ಲು. ಎತ್ತರದ ಅಂದಾಜು ಸಿಗ್ಲಿ ಅಂತ ಸಾಫ್ಟ್‌ವೇರ್‌ನವರೇ ಕೊಡೋ ಬೊಂಬೆ ಅದು. ನಾನು ತೆಗೆಯೋಕೆ ಮರೆತಿದ್ದೆ.

"ಅಳತೆಗೆ ಅಮ್ಮಾ, ಬರೀ ಅಳತೆಗೆ."

"ನನ್ನ ಅಡುಗೆಮನೆ ಅಳತೆಗೆ ನಾನಿಲ್ವಾ?"

ಯಜಮಾನರು ಕೆಮ್ಮಿದ್ರು. ನಾನು ಟೇಪ್ ತೆಗೆದು ಅಮ್ಮನ ಎತ್ತರ ಅಳೆದೆ. ಐದಡಿಗೆ ಎರಡಿಂಚು ಕಮ್ಮಿ. ಆ ಎತ್ತರದ ಬೊಂಬೆ ಇಟ್ಟು ನೋಡಿದ್ರೆ, ನಾನು ಹಾಕಿದ್ದ ಒಲೆ ಕಟ್ಟೆ ಮೇಲೆ ದೋಸೆ ಹುಯ್ಯೋಕೆ ಅವರಿಗೆ ಸ್ಟೂಲ್ ಬೇಕಾಗ್ತಿತ್ತು! ಅಲ್ಲೇ ಕೂತು ಕಟ್ಟೆ ತಗ್ಗಿಸಿದೆ. ಅಮ್ಮ ಬಗ್ಗಿ ಪರದೆ ನೋಡಿದ್ರು. "ಇಷ್ಟು ವರ್ಷಕ್ಕೆ ನನ್ನ ಅಳತೆ ಒಬ್ರಾದ್ರೂ ಕೇಳಿದ್ರಲ್ಲ" ಅಂತ ಒಳಗೆ ಹೋಗಿ ಎರಡನೇ ಸಲ ಕಾಫಿ ತಂದ್ರು. ನಂಗೂ ಕಣ್ಣು ಒದ್ದೆಯಾಯ್ತು, ಸುಳ್ಳು ಹೇಳಲ್ಲ.

"ಆ ಹುಡುಗೀನ ತೆಗೆದ್ಬಿಡ್ಲಾ ಅಮ್ಮಾ?" ಅಂದೆ.

"ಬೇಡ ಬೇಡ, ಇರ್ಲಿ. ಕೊಟ್ಟಿಗೆ ಹತ್ರ ನಿಲ್ಸಿ. ಸಗಣಿ ತೆಗೆಯೋಕೆ ಜನಾನೇ ಸಿಕ್ತಿಲ್ಲ."

೩. ವಾಲಿದ ಗೆರೆ

ಇದನ್ನೆಲ್ಲ ಜಗಲಿ ಮೂಲೇಲಿ ನಿಂತು ನೋಡ್ತಿದ್ದವರು ಆ ಮನೆ ಕಟ್ಟೋ ಮೇಸ್ತ್ರಿ. ಹೊಸನಗರದವರು, ಐವತ್ತೆಂಟು ವರ್ಷ. ನಾನು ಹೊರಟಾಗ ಹಿಂದೆನೇ ಬಂದ್ರು.

"ಅಮ್ಮಾ, ಕಟ್ಟಿದ ಮೇಲೆ ಒಡೆದು ತಗ್ಗಿಸಿದ ಕಟ್ಟೆ ನನ್ನ ಜೀವನದಲ್ಲಿ ಎಷ್ಟಿದಾವೋ. ನೀವು ಕಟ್ಟೋ ಮೊದ್ಲೇ ತಗ್ಗಿಸಿದ್ರಿ. ನಂಗೂ ಕಲಿಸ್ತೀರಾ?"

ಆಯ್ತಲ್ಲ, ಎಂಟು! ನಂಗೆ ಅಲ್ಲೇ ಕುಣಿಯೋಣ ಅನ್ನಿಸ್ತು.

ಮೊದಲ ದಿನ ಮೇಸ್ತ್ರಿಗಳು ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕ್ಕೊಂಡು, ಕೆಲಸದ ಚೀಲ ಹೆಗಲಿಗೆ ಹಾಕ್ಕೊಂಡೇ ಬಂದ್ರು. ಅರ್ಧ ಗಂಟೆ ಬೆವರು ಸುರಿಸಿ ಒಂದು ಗೆರೆ ಎಳೆದ್ರು. ಆಮೇಲೆ ಚೀಲದಿಂದ ರಸಮಟ್ಟ ತೆಗೆದು, ಗೋಡೆಗೆ ಹಿಡಿಯೋ ಹಾಗೆ ಕಂಪ್ಯೂಟರ್ ಪರದೆಗೆ ಹಿಡಿದು, ಒಂದು ಕಣ್ಣು ಮುಚ್ಚಿ ಗುಳ್ಳೆ ನೋಡಿದ್ರು.

"ವಾಲಿದೆ ಅಮ್ಮಾ."

"ಮೇಸ್ತ್ರಿಗಳೇ, ಕಂಪ್ಯೂಟರ್ ಗೆರೆ ವಾಲಲ್ಲ. ಅದನ್ನ ಒಳಗಿಡಿ" ಅಂತ ಗದರಿದೆ.

"ವಾಲಿದೆ. ನೀವೇ ನೋಡಿ."

ನೋಡಿದೆ. ಗುಳ್ಳೆ ಒಂದು ಕಡೆ ಹೋಗಿ ಕೂತಿತ್ತು. ಅವರು ಬಗ್ಗಿ ಟೇಬಲ್ ಕಾಲಿಗೆ ಹೆಂಚಿನ ಚೂರೊಂದು ಕೊಟ್ರು, ಗೆರೆ ಸರಿಹೋಯ್ತು. ಹಾಗೇ ಉಳಿದ ಏಳೂ ಟೇಬಲ್ ಸರಿ ಮಾಡಿದ್ರು. ರೂಮಿಗೆ ತಂದಿಟ್ಟ ದಿನದಿಂದ ಟೇಬಲ್ ಅಲ್ಲಾಡುತ್ತೆ ಅಂತ ನಾನು ಸಾಗರಕ್ಕೆ ಪತ್ರ ಬರೀತಾನೇ ಇದ್ದೆ! ಮೊದಲ ದಿನದ ಪಾಠ ಯಾರು ಯಾರಿಗೆ ಮಾಡಿದ್ದು ಅಂತ ಆವತ್ತು ಹಾಜರಿ ಪುಸ್ತಕದಲ್ಲಿ ಬರೆಯೋಕೆ ನಂಗೆ ನಾಚಿಕೆಯಾಯ್ತು.

೪. ಮುಂದೆ ದಪ್ಪಗಾದ್ರೆ?

ಟೈಲರ್ ಅಕ್ಕ ಮಾತ್ರ ಬಲು ಚುರುಕು. ಎದುರು, ಪಕ್ಕ, ಹಿಂಭಾಗ, ಅಡ್ಡ ಕತ್ತರಿಸಿದ್ರೆ ಹೇಗೆ ಕಾಣುತ್ತೆ, ಎಲ್ಲ ಒಂದೇ ಸಲಕ್ಕೆ ಗೊತ್ತಾಗ್ತಿತ್ತು. ಆದ್ರೆ ಅವರ ಪ್ಲಾನಲ್ಲಿ ಹತ್ತಡಿ ರೂಮು ಯಾವಾಗ್ಲೂ ಹತ್ತಡಿ ಎರಡಿಂಚು. ಅಳಿಸಿ ಬರೆಸಿದೆ. ಮತ್ತೆ ಹತ್ತಡಿ ಎರಡಿಂಚು. ಮೂರನೇ ಸಲಕ್ಕೆ ನನ್ನ ಸಿಟ್ಟು ನೆತ್ತಿಗೇರಿತು.

"ಅಕ್ಕಾ, ಈ ಎರಡಿಂಚು ಎಲ್ಲಿಂದ ಬರ್ತಿದೆ?"

"ಹೊಲಿಗೆಗೆ ಮೇಡಂ. ಈ ಕಡೆ ಒಂದು, ಆ ಕಡೆ ಒಂದು. ಮುಂದೆ ದಪ್ಪಗಾದ್ರೆ ಬಿಚ್ಕೋಬೇಕಲ್ಲ?"

"ಅಕ್ಕಾ, ಮನೆ ದಪ್ಪಗಾಗಲ್ಲ!"

"ಮನೆ ಆಗಲ್ಲ. ಮನೆಯವ್ರು ಆಗ್ತಾರಲ್ಲ ಮೇಡಂ."

ಮೇಸ್ತ್ರಿಗಳು ಹೊಟ್ಟೆ ಹಿಡ್ಕೊಂಡು ನಕ್ರು. ಆಮೇಲೆ ಗಂಭೀರವಾಗಿ, "ಗಾರೆ ಬಳಿದ್ರೆ ಎರಡು ಕಡೆ ಸೇರಿ ಇಂಚು ಚಿಲ್ರೆ ಹೋಗುತ್ತೆ ಅಮ್ಮಾ. ಅಕ್ಕ ಹೇಳಿದ್ದು ಪೂರಾ ತಪ್ಪಲ್ಲ" ಅಂದ್ರು. ಆವತ್ತಿಂದ ಕ್ಲಾಸಲ್ಲಿ ನನ್ನ ಮಾತು ನಡೀತಿರ್ಲಿಲ್ಲ.

೫. ಕಣದಲ್ಲಿ ಮನೆ

ಕೋರ್ಸ್ ಮುಗಿಯೋ ದಿನ ಬಂತು. ಎಂಟೂ ಜನ ಒಂಬತ್ತಕ್ಕೇ ಹಾಜರ್. ದೊಡ್ಡ ಸರ್ ಹತ್ತಕ್ಕೆ ಪಾಲಿಶ್ ಮಾಡಿದ ಬೂಟಲ್ಲಿ ಇಳಿದ್ರು. "ಮೂವತ್ತು ನಲವತ್ತರ ಸೈಟು. ಹಾಲ್, ಎರಡು ರೂಮು, ಅಡುಗೆಮನೆ, ಬಚ್ಚಲು, ಟಾಯ್ಲೆಟ್ಟು. ಶುರು ಮಾಡಿ" ಅಂದ್ರು.

ಕರೆಂಟ್ ಹೋಯ್ತು.

ಯುಪಿಎಸ್ ಬ್ಯಾಟರಿ ಎರಡು ಸಲ ಕುಂಯ್ ಅಂದು ಸತ್ತುಹೋಯ್ತು. ನನ್ನ ಒಂದು ಲ್ಯಾಪ್‌ಟಾಪಲ್ಲಿ ಎಂಟು ಜನ ಬರೆಯೋಕಾಗುತ್ತಾ? ಫೋನ್ ಮಾಡಿದ್ರೆ ಲೈನ್ ಮೇಲೆ ಮರ ಬಿದ್ದಿದೆ, ಸಂಜೆ ತನಕ ಬರಲ್ಲ ಅಂದ್ರು.

"ಷರತ್ತು ಷರತ್ತೇ ಮೇಡಂ. ನಾನು ಇನ್ನೊಂದ್ ಸಲ ಬರಲ್ಲ. ಬೀಗ ತನ್ನಿ" ಅಂದ್ರು ದೊಡ್ಡ ಸರ್.

"ಮರ ನಾನು ಬೀಳ್ಸಿದ್ನಾ ಸರ್?" ಅಂದೆ. ಟೈಲರ್ ಅಕ್ಕ ಆರಿದ ಪರದೆಯನ್ನೇ ನೋಡ್ತಾ ಕೂತಿದ್ರು. ಅವರ ಮುಖ ನೋಡೋಕೆ ನಂಗೆ ಧೈರ್ಯ ಬರ್ಲಿಲ್ಲ.

ಮೇಸ್ತ್ರಿಗಳು ಎದ್ದು ಚೀಲ ಎತ್ಕೊಂಡ್ರು. "ಸಾರ್, ಪ್ಲಾನ್ ಬರೀಬೇಕು ಅಂದ್ರಿ. ಎಲ್ಲಿ ಅಂತ ಹೇಳಿರ್ಲಿಲ್ವಲ್ಲ?"

ಹೊರಗೆ ಹೋಗಿ ಕಣಕ್ಕೆ ದಾರ ಹಿಡಿದ್ರು. ಸುಣ್ಣದ ಪುಡಿ ಚೆಲ್ಲಿದ್ರು. ಟೈಲರ್ ಅಕ್ಕ ಕೊರಳಲ್ಲಿದ್ದ ಟೇಪ್ ತೆಗೆದು ಅಳತೆ ಕೂಗೋಕೆ ಶುರು ಮಾಡಿದ್ರು. ಎಂಟು ಜನ ಒಂದೊಂದು ಭಾಗ ಹಂಚ್ಕೊಂಡ್ರು. "ಇದು ಕಂಪ್ಯೂಟರ್ ಕ್ಲಾಸೋ ರಂಗೋಲಿ ಕ್ಲಾಸೋ?" ಅಂತ ದೊಡ್ಡ ಸರ್ ಗೊಣಗ್ತಾನೇ ಇದ್ರು. ಎರಡು ಗಂಟೇಲಿ ಕಣದ ತುಂಬ ಮನೆ. ಕಟ್ಟಿದ ಮನೆ ಎಷ್ಟಿರುತ್ತೋ ಅಷ್ಟೇ ದೊಡ್ಡದು, ಗೋಡೆ ದಪ್ಪ, ಬಾಗಿಲು, ಕಿಟಕಿ ಸಮೇತ. ದೊಡ್ಡ ಸರ್ ಪರೀಕ್ಷೆ ಮಾಡೋಕೆ ಬಂದ್ರು. ಮುಂಬಾಗಿಲಿನ ಗೆರೆ ಹತ್ರ ಗಕ್ಕನೆ ನಿಂತ್ರು.

ಬೂಟು ಬಿಚ್ಚಿದ್ರು. ಬಲಗಾಲಿಟ್ಟು ಒಳಗೆ ಬಂದ್ರು.

ಅವರು ಹಾಲ್ ನೋಡಿದ್ರು, ಅಡುಗೆಮನೇಲಿ ನಿಂತು ಎರಡೂ ಕೈ ಮುಂದೆ ಚಾಚಿ ಕಟ್ಟೆ ಜಾಗ ನೋಡಿದ್ರು, ರೂಮುಗಳನ್ನ ಟೇಪ್ ಹಿಡಿದು ಅಳೆದ್ರು. ಒಂದಿಂಚೂ ಆಚೀಚೆ ಇಲ್ಲ. ಬಿಸಿಲು ಏರಿತ್ತು. ಮಿಲ್ಲಿನ ಗೋಡೆ ನೆರಳು ಒಂದೇ ಮೂಲೇಲಿ ಇತ್ತು. ಅಲ್ಲಿಗೆ ಕುರ್ಚಿ ತರಿಸಿ ಕೂತು, ತೊಡೆ ಮೇಲೆ ಕಾಗದ ಇಟ್ಕೊಂಡು, "ಮುಂದಿನ ವರ್ಷಾನೂ ಕ್ಲಾಸ್ ಇರ್ಲಿ" ಅಂತ ಬರೆದು ಸಹಿ ಹಾಕಿದ್ರು. ಆಮೇಲೆ ಸರ್ಟಿಫಿಕೇಟುಗಳು, ಅದರಲ್ಲಿ ಮೊದಲ ಸಹಿ ಟೈಲರ್ ಅಕ್ಕನದಕ್ಕೆ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಕೊಂಡಿದ್ರು. ಅಳ್ತಿದಾರೆ ಅಂತ ನಾನಂದ್ಕೊಂಡೆ. ನೋಡಿದ್ರೆ ಎಂಟೂ ಜನ ಬಾಯಿ ಮುಚ್ಕೊಂಡೇ ನಿಂತಿದ್ರು.

"ಏನು? ಯಾಕೆ ನಗ್ತಿದೀರಿ?" ಅಂದ್ರು ದೊಡ್ಡ ಸರ್.

ಮೇಸ್ತ್ರಿಗಳು ಕೈ ಮುಗಿದ್ರು. "ಏನಿಲ್ಲ ಸಾರ್. ತಾವು ಕೂತಿರೋದು ಟಾಯ್ಲೆಟ್ಟಲ್ಲಿ."

ದೊಡ್ಡ ಸರ್ ಕಾಲ ಕೆಳಗಿನ ಗೆರೆ ನೋಡಿದ್ರು. ಕುರ್ಚಿ ನೋಡಿದ್ರು. ಮೆಲ್ಲಗೆ ಎದ್ದು ಗೆರೆ ತುಳಿಯದೆ, ಬಾಗಿಲಿಗೆ ಬಿಟ್ಟಿದ್ದ ಜಾಗದಿಂದಲೇ ಹೊರಗೆ ಬಂದ್ರು. ಬಂದವರು ಹಿಂದೆ ತಿರುಗಿ, ಇಲ್ಲದ ಬಾಗಿಲನ್ನ ಎಳೆದು ಚಿಲಕ ಹಾಕಿದ್ರು.